ಎರಕದ ಮನೆಯ ಕೈಸನ್ನೆ

ತಿತಿಮತಿ, 18-3-62

ಅವ್ವನ ಪಾದಕ್ಕೆ ಜವರಪ್ಪನ ನಮಸ್ಕಾರ.

ನಿನ್ನೆ ಎಸ್ಟೇಟಿಗೆ ರಜೆ ಇತ್ತು. ಅಪ್ಪ ದುಡಿದ ಕಬ್ಬಿಣದ ಕಾರ್ಖಾನೆ ನೋಡಿ ಬಂದೆ. ಅದು ಮುಚ್ಚಿ ಬಹಳ ಕಾಲವಾಯಿತು; ಈಗಿನ ಸಾಹುಕಾರರು ಇದ್ದ ಹಾಗೆಯೇ ಕಾಪಾಡಿ, ಜನ ನೋಡಲೆಂದು ತೆರೆದಿಟ್ಟಿದ್ದಾರೆ. ಕುಲುಮೆಯ ಬಾಯಲ್ಲಿ ಜರಿಗಿಡ ಬೆಳೆದಿದೆ. ಒಡೆದ ಹಂಚಿನಿಂದ ಬಿಸಿಲು ಇಳಿದು ನೆಲದ ಮಸಿಯೂ ನೀರಿನ ಹಾಗೆ ಹೊಳೆಯುತ್ತಿತ್ತು. ಹೊರಗಿನಿಂದ ಕಾಫಿ ಹೂವಿನ ಘಮ. ನಿದ್ದೆಯಲ್ಲಿ ನಡೆದಂತೆ ಒಳಗೆಲ್ಲ ಸುತ್ತಿದೆ.

ಕಾವಲಿಗಿರುವ ಮುದುಕರು, ಪೊನ್ನಪ್ಪ ಅಂತ, ಅಲ್ಲೇ ದುಡಿದವರು. ಆಗಿನ ಕೆಲಸದವರು ಕೈಸನ್ನೆಯಲ್ಲಿ ಮಾತಾಡುತ್ತಿದ್ದದ್ದನ್ನು ಮಾಡಿ ತೋರಿಸಿದರು. ಕೊನೆಗೆ ಅಂಗೈಯನ್ನು ಬಟ್ಟಲಿನಂತೆ ಮಾಡಿ, ಎತ್ತಿ, ಮೆಲ್ಲಗೆ ಮಗುಚಿದರು. ಮಾತು ನಿಂತ ಮೇಲೆ ಕೊನೆಯ ದಿನ ಅಪ್ಪ ಮಾಡಿದ್ದು ಇದನ್ನೇ ಅಲ್ಲವೇ? ನೀರು ಕೇಳುತ್ತಿದ್ದಾನೆಂದು ನಾವು ಅಂದುಕೊಂಡೆವು.

"ಹಂಗಂದ್ರೇನು ಅಜ್ಜ?" ಎಂದೆ.

"ಎರಕ ಹೊಯ್ದಾಯ್ತು, ನನ್ನ ಕೆಲಸ ಮುಗೀತು, ಮನೆಗೆ ಹೊರಟೆ ಅಂತ. ಆ ಸದ್ದಲ್ಲಿ ಬಾಯಿಮಾತು ಎಲ್ಲಿ ಕೇಳ್ತದೆ ಮಗ?"

ನನ್ನ ನೆಗಡಿ ವಾಸಿಯಾಗಿದೆ, ಕಷಾಯ ಬಿಟ್ಟಿಲ್ಲ. ಟಪಾಲಿನವನು ಚೀಲ ಕಟ್ಟುತ್ತಿದ್ದಾನೆ, ಕಾರ್ಡಿನಲ್ಲೂ ಜಾಗವಿಲ್ಲ.

ನೀನು ಬಾಯಿಗೆ ಬಿಟ್ಟ ನೀರು ಒಳಗೆ ಇಳಿಯಲಿಲ್ಲವೆಂದು ಇನ್ನು ಅಳಬೇಡ. ಅಪ್ಪನಿಗೆ ಬಾಯಾರಿರಲಿಲ್ಲ, ಅವ್ವ.