ಖಾಲಿ ಬಿಟ್ಟ ವರ್ಷ

ಜನವರಿ 9, ಗುರುವಾರ, ಮಧ್ಯಾಹ್ನ 3
ಚೆಂಬೂರಿನ ಆಫೀಸು. ಅಂಕಣದ ದಿನ. ಸಾಹೇಬರು ಕಣ್ಣು ಮುಚ್ಚಿ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಬಸವಂತಪ್ಪ — ಒಂದು ಕಾಲಕ್ಕೆ ವಸತಿ ಮಂತ್ರಿ. ಈಗ ವಕೀಲ. ಭಾನುವಾರದ ಕನ್ನಡ ಪೇಪರಿನಲ್ಲಿ 'ಕುರ್ಚಿ ಇಳಿದ ಮೇಲೆ', ಮಂತ್ರಿಗಿರಿಯ ವರ್ಷಗಳ ನೆನಪುಗಳು. ಇಸವಿ ನೆನಪಾಗದಿದ್ದರೆ "ಜಾಗಾ ಬಿಡವಾ" ಅನ್ನುತ್ತಾರೆ. ಬಿಡುತ್ತೇನೆ. ಆಮೇಲೆ ಹಸಿರು ಶಾಯಿಯಲ್ಲಿ ತಾವೇ ತುಂಬುತ್ತಾರೆ. ಕುರ್ಚಿ ಹೋಯಿತು, ಮಂತ್ರಿಗಳ ಹಸಿರು ಪೆನ್ ಉಳಿಯಿತು.
ಫ್ಯಾನಿನ ಗಾಳಿಯಲ್ಲಿ ಅವರ ದನಿ ದೂರದ ದೋಣಿಯ ಹಾಗೆ... ಇಂಥವರೇ ಇನ್ನಷ್ಟು ವರ್ಷ ಮಂತ್ರಿಯಾಗಿದ್ದರೆ!

ಜ. 16
ವಡಾಲದ ನಮ್ಮ ಚಾಳನ್ನು ಕೆಡವಬಾರದೆಂಬ ಕೇಸು ಅವರದೇ. ಅರವತ್ತೆರಡು ಖೋಲಿ, ಖೋಲಿಗೊಂದು ಸಂಸಾರ. ಫೀ ಬೇಡವೆಂದರು. ಅವ್ವ ಹೇಳಿದಳು, "ದೇವರಂಥಾ ಮನಶ್ಯಾ. ನಿನ್ನ ಕರಪತ್ರದ ಬಾಯಿ ಮನ್ಯಾಗಿಟ್ಟು ಹೋಗ್, ಶೀತಲ್."
ಚಾಳು ಉಳಿಸಲು ನಾನೇ ಬರೆದು ಗೋಡೆಗೆ ಅಂಟಿಸಿದ್ದ ಕರಪತ್ರ ನಕ್ಕಿತು: 'ನೆಲ, ಅದರ ಮೇಲೆ ಮಲಗೆದ್ದವರದು.'

ಜ. 20
ಚಾಳು ಕೆಡವಬೇಕೆನ್ನುವ ಎದುರು ಪಕ್ಷದವರ ಅಫಿಡವಿಟ್ ಬಂತು. ಕೊನೆಗೊಂದು ಹಳೇ ಆದೇಶ, 2003ರದು. ಪುನರ್ವಸತಿ ಪಟ್ಟಿಯಿಂದ ನಮ್ಮ ಚಾಳನ್ನು ತೆಗೆದದ್ದು. ಕೆಳಗೆ ಮಂತ್ರಿಯ ಸಹಿ. ಜೆರಾಕ್ಸಿನಲ್ಲಿ ಕಪ್ಪು. ಆದರೆ ಆ ಕೊನೆಯ ಅಕ್ಷರದ ಬಾಲ... ವಾರ ವಾರ ಹಸಿರಿನಲ್ಲಿ ನೋಡುತ್ತೇನಲ್ಲ.
ಅಂಕಣಗಳ ಫೈಲ್ ತೆಗೆದೆ. 2002 ಇದೆ. 2004 ಇದೆ.

ಜ. 23, ಗುರುವಾರ
ಇವತ್ತು ಅವರು ಹೇಳುವ ಮೊದಲೇ ಜಾಗ ಬಿಟ್ಟೆ. 'ಮರುವರ್ಷ' ಅಂತ ಟೈಪ್ ಮಾಡಿ, ಅರ್ಧ ಪುಟ ಖಾಲಿ. ಪ್ರಿಂಟ್ ಮುಂದಿಟ್ಟೆ.
"ಇದೇನು?"
"ಅದನ್ನ ನೀವ ತುಂಬಬೇಕ್ರಿ, ಸಾಹೇಬ್ರ." ಆದೇಶದ ಜೆರಾಕ್ಸನ್ನೂ ಇಟ್ಟೆ.
ಸಹಿಯ ಮೇಲೆ ಬೆರಳಿಟ್ಟರು. "ಅವಾಗ ನೀ ಹುಟ್ಟಿದ್ದೇನು?"
"ಅದೇ ಖೋಲ್ಯಾಗ. ಒಂದು ವರ್ಷದಕಿ."
ಸಾಹೇಬರು ಜೆರಾಕ್ಸನ್ನು ಹತ್ತಿರ ಎಳೆದುಕೊಂಡರು.
"ವಕೀಲಾಗಿ ನಿಂತರ ಇದರ ಬಗ್ಗೆ ಬಾಯಿ ಬಿಡೂಹಂಗಿಲ್ಲ. ಬಿಟ್ಟರ ನಾ ವಕೀಲಲ್ಲ, ಸಾಕ್ಷಿ. ಹೆಸರೂ ಹೋಗ್ತದ."
"ನಮ್ಮ ಮನಿ ಹೋಗ್ತಾವಲ್ರಿ."
ಹಾಳೆ ಮಡಚಿ ಜೇಬಿಗಿಟ್ಟುಕೊಂಡರು. ನಾಳೆ ಬರಬೇಡ ಅನ್ನಲಿಲ್ಲ. ಬಾ ಅಂತಲೂ.

ಫೆಬ್ರವರಿ 4, ಬೆಳಗ್ಗೆ 9.40, ಹಾರ್ಬರ್ ಲೈನಿನ ಲೋಕಲ್ ರೈಲು
ಎರಡು ಭಾನುವಾರ ಅಂಕಣ ಬರಲಿಲ್ಲ. ಇವತ್ತು ಕೇಸಿನ ತಾರೀಖು. ಸಾಹೇಬರು ಕಿಟಕಿ ಪಕ್ಕ. ಕರಿ ಕೋಟಿಲ್ಲ, ಕೊರಳಿಗೆ ಬ್ಯಾಂಡಿಲ್ಲ — ಬರೀ ಬಿಳಿ ಅಂಗಿ. ಕೋರ್ಟಿನಲ್ಲಿ ನಮ್ಮ ಪರ ಇನ್ನೊಬ್ಬ ವಕೀಲರು ಕಾಯುತ್ತಿದ್ದಾರಂತೆ.
ವಡಾಲ. ಚಾಳಿನ ತಗಡುಗಳ ಮೇಲೆ ಬಿಸಿಲು ನೀರಿನ ಹಾಗೆ. ಗಾಡಿ ನಿಂತಿದೆಯೋ ತೇಲುತ್ತಿದೆಯೋ.
"ಹಾಳಿ ಐತೇನು?"
"ಈ ಡೈರಿ ಒಂದ ಐತ್ರಿ."
"ಅದರಾಗ ಬರಿ. ಅಲ್ಲಿ ಹೋಗಿ ಟೈಪ್ ಮಾಡೂಣು." ಹಸಿರು ಪೆನ್ ಕೊಟ್ಟರು. ಈ ಸಲ ಕಣ್ಣು ಮುಚ್ಚಲಿಲ್ಲ.
ಬರೆಯುತ್ತಿದ್ದೇನೆ —
ನಾನು, ಬಸವಂತಪ್ಪ, ಪ್ರಮಾಣ ಮಾಡಿ ಹೇಳುವುದೇನೆಂದರೆ, 2003ರಲ್ಲಿ ಆ ಚಾಳನ್ನು ನಾನು ನೋಡಿರಲಿಲ್ಲ. ಯಾರನ್ನೂ ನೋಡಲು ಕಳಿಸಿರಲಿಲ್ಲ. ಫೈಲಿನಲ್ಲಿ 'ಖಾಲಿ ಜಾಗ' ಎಂದಿತ್ತು. ಸಹಿ ಮಾಡಿದೆ. ಆ ದಿನ ಅಲ್ಲಿ ಅರವತ್ತೆರಡು ಮನೆಗಳಿದ್ದವು, ಒಂದರಲ್ಲಿ ಒಂದು ವರ್ಷದ ಮಗುವಿತ್ತು.