ಮುಂಗಡ ಸ್ತೋತ್ರ

ಮಕ್ತಲ್
ಗುರುವಾರ, 13 ನವೆಂಬರ್ 2025

ಸುನಿಲನಿಗೆ, ಇನ್ನೂ ನಿನ್ನ ಹೆಂಡತಿಯೇ ಆಗಿರುವ ರಜಿತಾಳ ವಂದನೆಗಳು.

ಎದುರಿಗಿದ್ದಾಗ ‘ರೀ’ ಎನ್ನುತ್ತಿದ್ದವಳು ಕಾಗದದಲ್ಲಿ ‘ನೀನು’ ಎನ್ನುತ್ತಿದ್ದೇನೆ. ಸಿಟ್ಟು ಬಂದರೆ ಬರಲಿ, ಐದು ತಿಂಗಳಿಂದ ಅದು ಇದ್ದದ್ದೇ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಗದ್ವಾಲದ ನಿಮ್ಮ ಹತ್ತಿಬೀಜದ ಗೋದಾಮಿಗೆ ಲಾರಿ ತರುವ ಸಾಯಣ್ಣನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ನಾರಾಯಣಪೇಟೆಯ ಅಂಗಡಿಯಿಂದ ಸೀರೆಗಳು ಬರುತ್ತವೆ, ಫಾಲ್ ಹೊಲಿದು ಕುಚ್ಚು ಕಟ್ಟಿ ಕಳಿಸುತ್ತೇನೆ. ಚೆನ್ನಾಗಿದ್ದೇನೆ ಅಂದದ್ದು ಅಷ್ಟರಮಟ್ಟಿಗೆ ನಿಜ.

ವಿಷಯಕ್ಕೆ ಬರುತ್ತೇನೆ. ನಾನೊಂದು ಯಡವಟ್ಟು ಮಾಡಿಕೊಂಡಿದ್ದೇನೆ. ಅದು ಪಾಪವೋ ನಂಬಿಕೆಯೋ ನನಗೆ ತಿಳಿಯುತ್ತಿಲ್ಲ.

ನಮ್ಮ ಪೆದ್ದಯ್ಯ ಪಾಸ್ಟರು ಕೆಲವು ತಿಂಗಳಿಂದ ಒಂದೇ ಮಾತು ಹಿಡಿದಿದ್ದಾರೆ. ಬೇಡಿದ್ದು ಸಿಕ್ಕ ಮೇಲೆ ಸ್ತೋತ್ರ ಹೇಳುವುದು ಯಾರಿಗೂ ಬರುತ್ತದೆ, ಸಿಗುವ ಮುಂಚೆಯೇ ಸಿಕ್ಕಿತೆಂದು ಹೇಳುವವರದೇ ವಿಶ್ವಾಸ ಎಂದು. ಪ್ರತಿ ಭಾನುವಾರ ಒಬ್ಬೊಬ್ಬರು ಎದ್ದು ಸಾಕ್ಷಿ ಹೇಳತೊಡಗಿದರು. ಒಬ್ಬರ ಬೋರಿಗೆ ನೀರು ಬಿತ್ತು, ಇನ್ನೊಬ್ಬರ ಮಗಳಿಗೆ ಸಂಬಂಧ ಕುದುರಿತು. ಬೋರು ಇನ್ನೂ ಕೊರೆಸಿರಲಿಲ್ಲ, ಗಂಡು ಇನ್ನೂ ನೋಡಿರಲಿಲ್ಲ. ಅದೆಲ್ಲ ಮುಂಗಡವೆಂದು ಎಲ್ಲರಿಗೂ ಗೊತ್ತಿತ್ತು. ಸೆಪ್ಟೆಂಬರಿನ ಒಂದು ಭಾನುವಾರ ನಾನೂ ಎದ್ದು, ಕರ್ತನು ನನ್ನ ಗಂಡನನ್ನು ಮನೆಗೆ ಕರೆತಂದಿದ್ದಾನೆ, ಸ್ತೋತ್ರ ಎಂದುಬಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನೀನು ನಗುತ್ತೀಯ. ಹೊಲಿಯುವುದೇ ನನ್ನ ಕಸುಬು, ಏನು ಮಾಡಲಿ.

ಆದರೆ ಗಂಡ ಬೋರಿನಂತಲ್ಲವಲ್ಲ, ಗದ್ವಾಲವೂ ದೂರವಲ್ಲ, ಬಂದರೂ ಬಂದಾನು. ನನ್ನದನ್ನು ಎಲ್ಲರೂ ನಿಜವೆಂದೇ ತಿಳಿದರು. ಹೊರಗೆ ಬಂದ ಮೇಲೆ ಪಕ್ಕದ ಮನೆಯ ಮಣೆಮ್ಮ ಕೈ ಹಿಡಿದುಕೊಂಡು, "ಯಾವಾಗ ಬಂದಾನವ್ವಾ?" ಎಂದು ಕೇಳಿದಳು. ಅಲ್ಲಕ್ಕಾ, ಇದು ಮುಂಗಡ ಎನ್ನಬೇಕಿತ್ತು. ಅವಳ ಗಂಡ ಮೊಗುಲಪ್ಪ ಪುಣೆಗೆ ಕೆಲಸಕ್ಕೆ ಹೋದವನು ಆರು ವರ್ಷದಿಂದ ಸುಳಿವಿಲ್ಲವೆಂದು ನಿನಗೆ ಗೊತ್ತಲ್ಲ. ಅವಳ ಮುಖ ನೋಡಿ ನನ್ನ ಬಾಯಿಂದ, "ನಿನ್ನೆ ಬಂದಿದ್ರು ಅಕ್ಕಾ, ಕೆಲಸ ಐತಿ ಅಂತ ಹೋದ್ರು" ಎಂದು ಬಂತು. ಮುಂಗಡ ಅಲ್ಲಿಗೆ ಮುಗಿಯಿತು, ಅಲ್ಲಿಂದ ಮುಂದಿನದು ಸುಳ್ಳು. ಅಷ್ಟು ಗೆರೆ ನನಗೂ ಕಾಣುತ್ತದೆ.

ಮುಂದಿನ ವಾರ ಮಣೆಮ್ಮ ಎದ್ದಳು. ರಜಿತಾಳ ಗಂಡನನ್ನು ತಂದ ದೇವರು ನನ್ನವನನ್ನೂ ತಂದಿದ್ದಾನೆ ಎಂದು ಸ್ತೋತ್ರ ಹೇಳಿದಳು. ನಾನು ನೆಲ ನೋಡುತ್ತ ಕೂತೆ. ಸುನಿಲ, ಕಳೆದ ಮಂಗಳವಾರ ಮೊಗುಲಪ್ಪ ಬಂದ! ರಾಯಚೂರು ಬಸ್ಸಿನಿಂದ ಇಳಿದು, ಒಂದು ಕಾಲು ಎಳೆಯುತ್ತ ಬಂದು ಕಟ್ಟೆಯ ಮೇಲೆ ಕೂತು ನೀರು ಕೇಳಿದ. ನಾನೇ ಕಣ್ಣಾರೆ ಕಂಡೆ.

ಇದನ್ನು ಏನೆನ್ನಲಿ? ಸುಳ್ಳು ಹೇಳಿದವಳಿಗೆ ಸಿಗಲಿಲ್ಲ, ಅದು ಸರಿ, ಶಿಕ್ಷೆ ಎನ್ನೋಣ. ಆ ಸುಳ್ಳನ್ನು ನಂಬಿದವಳಿಗೆ ಹೇಗೆ ಸಿಕ್ಕಿತು? ಮೊಗುಲಪ್ಪ ಹೇಗೂ ಬರುವವನೇ ಇದ್ದನೋ? ಒಮ್ಮೆ ದೇವರ ಮೇಲೆ ಪ್ರೀತಿ ಉಕ್ಕುತ್ತದೆ, ಒಮ್ಮೆ ಮಣೆಮ್ಮನ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ತಲೆ ಕೆಟ್ಟು ನಿನ್ನೆ ಎರಡು ಸೀರೆಗೆ ಫಾಲನ್ನು ಸೆರಗಿನ ಕಡೆ ಹೊಲಿದು ಬಿಚ್ಚಿದೆ.

ಈ ಭಾನುವಾರ ಎರಡು ಜೋಡಿಗೂ ಸೇರಿ ಕೃತಜ್ಞತಾ ಕೂಟ. ಪಾಸ್ಟರು, "ಸುನಿಲಗ ಹೇಳವ್ವ, ಢೋಲಕಿ ಅವನ ಕೈಗೇ ಕಾಯಾಕತ್ತೈತಿ" ಎಂದಿದ್ದಾರೆ. ನೀನು ಬರದಿದ್ದರೆ ನಾನು ಎದ್ದು ನಿಜ ಹೇಳಬೇಕು. ನನ್ನ ನಾಚಿಕೆ ಇರಲಿ. ಮಣೆಮ್ಮನ ಸಂತೋಷದ ಬುಡಕ್ಕೇ ಕೈ ಹಾಕಿದ ಹಾಗಾಗುವುದಿಲ್ಲವೇ?

ಢೋಲಕಿ ಎಂದ ಮೇಲೆ ಆ ಮಾತನ್ನೂ ಬರೆಯಲೇಬೇಕು. ಹಾಸಿಗೆ ಹಿಡಿದ ಅತ್ತೆ ಕುರುಮಮ್ಮನಿಗಾಗಿ ಸಭೆಯೆಲ್ಲ ನಲವತ್ತು ದಿನ ಉಪವಾಸ ಪ್ರಾರ್ಥನೆ ಮಾಡಿದರೂ ಅವರು ಉಳಿಯಲಿಲ್ಲ. ಪ್ರತಿ ಭಾನುವಾರ ಸಭೆಯಲ್ಲಿ ಬಾರಿಸುತ್ತಿದ್ದ ಢೋಲಕಿಯನ್ನು ನೀನು ಗೋಡೆಗೆ ಒರಗಿಸಿ, "ದೇವ್ರು ಅದಾನ, ಅದು ನನಗ ಗೊತ್ತೈತಿ. ಆದ್ರ ಅವನ ಮ್ಯಾಲ ಭರೋಸಾ ಇಲ್ಲ" ಎಂದೆ. ಗಂಡ ಸಿಟ್ಟು ಮಾಡಿಕೊಂಡು ಹೋದ ಎಂದು ಊರಿಗೆಲ್ಲ ಹೇಳಿದ್ದೇನೆ. ಆಗ ನಾನೇನು ಅಂದೆನೆಂದು ಯಾರಿಗೂ ಹೇಳಿಲ್ಲ. ನಿನಗೆ ವಿಶ್ವಾಸ ಇಲ್ಲದ್ದಕ್ಕೇ ಅತ್ತೆ ಹೋದರು ಎಂದೆ. ತಾಯಿಯನ್ನು ಮಣ್ಣು ಮಾಡಿ ವಾರವಾಗದ ಮಗನಿಗೆ ಹಾಗೆ ಅಂದೆ. ಮಣೆಮ್ಮನಿಗೆ ಹೇಳಿದ ಸುಳ್ಳಿಗಿಂತ ಅದು ದೊಡ್ಡ ಸುಳ್ಳು. ತಪ್ಪಾಯಿತು.

ದೇವರಿದ್ದಾನೆಂದು ದೆವ್ವಗಳೂ ಒಪ್ಪುತ್ತವೆ ಎಂದು ಪಾಸ್ಟರೇ ಹೇಳುತ್ತಾರೆ. ಹಾಗಾದರೆ ಒಪ್ಪುವುದು ಬೇರೆ, ವಿಶ್ವಾಸವೆಂದು ನಾಲ್ಕು ಜನರೆದುರು ಎದ್ದು ಹೇಳುವುದು ಬೇರೆ, ಅವನ ಮೇಲೆ ಭಾರ ಹಾಕಿ ನಿಶ್ಚಿಂತೆಯಿಂದ ಇರುವುದು ಬೇರೆಯೋ? ಮೊದಲೆರಡು ನನಗೆ ಚೆನ್ನಾಗಿ ಬರುತ್ತವೆ. ಮೂರನೆಯದು ನನಗೂ ಇಲ್ಲವೆಂದು ಕಾಣುತ್ತದೆ. ನೀನು ಇಲ್ಲವೆಂದು ಬಾಯಿಬಿಟ್ಟು ಹೇಳಿದೆ, ನಾನು ಇದೆಯೆಂದು ಹಾಡಿದೆ, ಅಷ್ಟೇ ವ್ಯತ್ಯಾಸ.

ನನ್ನ ಮರ್ಯಾದೆ ಉಳಿಸಲು ಬರಬೇಡ. ನೀನಿದ್ದರೂ ಇಲ್ಲದಿದ್ದರೂ ಭಾನುವಾರ ಎದ್ದು ನಿಜ ಹೇಳುತ್ತೇನೆ. ನಿನ್ನೆ ಹೇಳಬಾರದೆಂದುಕೊಂಡಿದ್ದೆ, ಇವತ್ತು ಹೇಳಬೇಕೆನಿಸಿದೆ, ಶನಿವಾರಕ್ಕೆ ಏನೋ. ಚಳಿ ಶುರುವಾಗಿದೆ, ಗೋದಾಮಿನ ಬರಿ ನೆಲದಲ್ಲಿ ಮಲಗಬೇಡ.

ಇಂತಿ,
ಏನೂ ತೋಚದೆ ಕೂತಿರುವ
ರಜಿತಾ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಅಷ್ಟು ದೊಡ್ಡ ಸ್ತೋತ್ರ ಹೇಳಿದವಳು ನೀನು ಬರಲಿ ಎಂದು ದೇವರನ್ನು ಒಂದು ದಿನವೂ ಬೇಡಿಲ್ಲ. ಅತ್ತೆಗಾಗಿ ಬೇಡಿ ನೋಡಿದ್ದೆನಲ್ಲ. ಇದಕ್ಕೂ ಇಲ್ಲ ಎಂದುಬಿಟ್ಟರೆ ಎಂಬ ಹೆದರಿಕೆಗೆ ಬೇಡುವುದನ್ನೇ ಬಿಟ್ಟು ನೇರ ಸ್ತೋತ್ರಕ್ಕೆ ಹಾರಿದೆ. ನಿನ್ನನ್ನೂ ಕೇಳಲಿಲ್ಲ. ಅವತ್ತು ನೀನು ಚೀಲ ಹಿಡಿದು ಬಾಗಿಲಲ್ಲಿ ಎಷ್ಟೋ ಹೊತ್ತು ನಿಂತೇ ಇದ್ದೆ, ನಾನು ಹೋಗಬೇಡ ಎನ್ನಲಿಲ್ಲ. ಈಗಷ್ಟೇ ಮಂಡಿಯೂರಿ ಅವನನ್ನು ಕೇಳಿ ಎದ್ದೆ. ಈಗ ನಿನ್ನನ್ನು ಕೇಳುತ್ತಿದ್ದೇನೆ. ಇಬ್ಬರಲ್ಲಿ ಯಾರು ಏನೆನ್ನುತ್ತೀರೋ ಗೊತ್ತಿಲ್ಲ. ಮನೆಗೆ ಬಾ.