ಕಿಟಕಿಯ ಕೆಳಗಿನ ಇಟ್ಟಿಗೆ

ಫೆಬ್ರವರಿ 6
ಮತ್ತೆ ನೆಲ ಗುಡಿಸಿದೆ. ಅಕ್ಕನ ಮಂಚದ ಪಕ್ಕದ ಗೋಡೆಯ ಬುಡದಿಂದ ಅದೇ ಕೆಂಪು ಪುಡಿ. ಇಟ್ಟಿಗೆ ಬೆರಳಲ್ಲಿ ಒತ್ತಿದರೂ ಉದುರುತ್ತದೆ. ಬೂಷ್ಟು ಮೊಣಕಾಲಿನವರೆಗೆ ಏರಿದೆ. ಅಕ್ಕನ ಉಸಿರು ತಿಂದದ್ದು ಈ ಹಾಳು ಗೋಡೆಯೇ. ನಿನ್ನೆ ಆಸ್ಪತ್ರೆಯಲ್ಲಿ ಡಾಕ್ಟರ್ ಮುಖಕ್ಕೆ ಹೊಡೆದ ಹಾಗೆ ಹೇಳಿದರು — "ಆ ರೂಮ್ ಒಣಗೋ ತನಕ ಕರ್ಕೊಂಡ್ ಹೋಗ್ಬೇಡಿ. ಇನ್ನೊಂದ್ ಸಲ ಹೀಗಾದ್ರೆ ನಮ್ ಕೈಲಿಲ್ಲ." ಇರುವುದೇ ಒಂದು ಕೋಣೆ, ನಾನು ಮಲಗುವ ಅಡುಗೆಮನೆ. ಎಲ್ಲಿಗೆ ಕರೆತರಲಿ?

ಫೆಬ್ರವರಿ 7, ಸಂಜೆ
ಮೇಸ್ತ್ರಿ ಬಂದ. ಹೋದ ವರ್ಷ ಈ ಗೋಡೆಗೆ ಸಿಮೆಂಟ್ ಬಳಿದವನೂ ಇವನೇ. "ಇದೇನ್ ಮಹಾ ಸಾರ್! ಕೊಳೆತಿರೋದನ್ನ ಒಂದೊಂದೇ ಕಿತ್ತು ಹೊಸ ಇಟ್ಟಿಗೆ ಕೂರ್ಸೋದು. ಒಟ್ಟಿಗೆ ಕಿತ್ರೆ ಮಾತ್ರ ಗೋಡೆ ನಮ್ ತಲೆ ಮೇಲೆ." ನಕ್ಕ. ನನಗೆ ನಗು ಬರಲಿಲ್ಲ.
ಆಸ್ಪತ್ರೆಯಿಂದ ಅಕ್ಕನ ಫೋನ್. ಏದುಸಿರು. ಕೇಳಿದ್ದು ಒಂದೇ.
"ಗಿಡಕ್ಕೆ ನೀರು ಹಾಕಿದ್ಯೇನೋ?"
"ಎರಡು ಹೊತ್ತೂ ಹಾಕ್ತಿದೀನಕ್ಕ."
"ಹಳದಿದು ಮೊಗ್ಗು ಬಿಟ್ಟಿತ್ತು. ನಾನು ಬರೋ ಹೊತ್ತಿಗೆ ಅರಳಿರುತ್ತೆ ನೋಡು."
ಹಿತ್ತಲ ಕಿಟಕಿಯ ಕೆಳಗಿನ ಆ ಗುಲಾಬಿ ಪಾತಿ ಬಿಟ್ಟರೆ ಅವಳಿಗೆ ಇನ್ನೇನಿದೆ. ಪೈಪ್ ಹಿಡಿದು ಪಾತಿ ತುಂಬ ನೀರು ನಿಲ್ಲಿಸಿ ಬಂದೆ.

ಫೆಬ್ರವರಿ 12
ಹೊಸ ಇಟ್ಟಿಗೆಗೂ ತೇವ! ತಲೆ ಕೆಟ್ಟುಹೋಗಿದೆ. "ನೆಲದ್ ನೀರು ಸಾರ್, ಪಾಯನೇ ಸರಿ ಇಲ್ಲ" ಅಂದಿದ್ದ ಮೇಸ್ತ್ರಿ ಇವತ್ತು ಪತ್ತೆಯೇ ಇಲ್ಲ. ನಾನೇ ಉಳಿ ಹಿಡಿದೆ. ಕಿಟಕಿಯ ಕೆಳಗಿನ ಇಟ್ಟಿಗೆ ಕಿತ್ತರೆ ಹಿಂದಿನಿಂದ ಕೆಸರು ಜಾರಿ ಬಂತು. ಅದರೊಳಗೆ ಒಂದು ಬೇರು. ಹಿಡಿದು ಎಳೆದೆ. ಕಿಟಕಿಯಾಚೆ ಹಳದಿ ಗುಲಾಬಿ ಅಲ್ಲಾಡಿತು.
ಓಡಿಹೋಗಿ ನೋಡಿದೆ. ವರ್ಷ ವರ್ಷ ಮಣ್ಣು, ಗೊಬ್ಬರ ಹಾಕಿ ಹಾಕಿ ಪಾತಿ ಒಳಗಿನ ನೆಲಕ್ಕಿಂತ ಎತ್ತರ ಏರಿದೆ, ಗೋಡೆಗೇ ಒರಗಿದೆ. ಹಾಕಿದ ನೀರೆಲ್ಲ ಗೋಡೆಯೊಳಕ್ಕೆ. ಒಳಗೆ ಒಣಗಿಸುತ್ತಿದ್ದೆ, ಹೊರಗಿನಿಂದ ಕುಡಿಸುತ್ತಿದ್ದೆ. ಎಂಥ ಪೆದ್ದ ನಾನು...

ಫೆಬ್ರವರಿ 13
ಪಾತಿ ಪೂರ್ತಿ ಅಗೆದು ತೆಗೆದೆ. ಮೂರು ಗಿಡ ಬಕೆಟ್‌ಗೆ ಎತ್ತಿಟ್ಟೆ. ಬೇರು ಹರಿದಿತ್ತು. ಮರಳಿ ಬಂದ ಮೇಸ್ತ್ರಿ ನೋಡುತ್ತ ನಿಂತ.
"ಅಕ್ಕಾವ್ರಿಗೆ ಏನ್ ಹೇಳ್ತೀರಾ ಸಾರ್?"
ಇವತ್ತು ಅವನೂ ನಗಲಿಲ್ಲ.
ಸಂಜೆ ಫೋನ್. "ಅರಳ್ತೇನೋ?"
"ಹೂಂ, ಅರಳ್ತು."
"ದೊಡ್ಡದಾ?"
"ದೊಡ್ಡದೇ."
ಪಾಪಿ ನಾನು.

ಮಾರ್ಚ್ 9
ಬಕೆಟ್‌ನ ಗಿಡ ಒಂದೂ ಉಳಿಯಲಿಲ್ಲ. ಗೋಡೆ ಒಣಗಿದೆ. ಸಿಮೆಂಟ್ ತೇವವನ್ನು ಒಳಗೇ ಹಿಡಿದಿಡುತ್ತದೆ, ಬೇಡ ಎಂದು ಹಟ ಹಿಡಿದು ಸುಣ್ಣದ ಗಾರೆ ಮಾಡಿಸಿದೆ. ಕೈಯಿಟ್ಟರೆ ಬೆಚ್ಚಗಿದೆ. ಸಂತೋಷಪಡಬೇಕು. ಅಳು ಬರುತ್ತದೆ.

ಮಾರ್ಚ್ 10, ಸಂಜೆ
ಅಕ್ಕ ಬಂದಳು. ಎತ್ತಿಕೊಂಡೇ ಒಳಗೆ ತಂದೆ — ನಡೆಯುವ ಶಕ್ತಿಯಿಲ್ಲ, ಮಗುವಿನಷ್ಟೇ ಭಾರ. ಮಂಚದಲ್ಲಿ ಕೂತು ಗೋಡೆ ಸವರಿದಳು.
"ಚೆನ್ನಾಗ್ ಮಾಡ್ಸಿದೀಯ ಕಣೋ. ಮುಗ್ಗಲು ವಾಸನೆನೇ ಇಲ್ಲ." ಆಮೇಲೆ, "ಎಲ್ಲಿ, ಕಿಟಕಿ ತೆಗಿ."
"ಗಾಳಿ ಜೋರಾಗಿದೆಯಕ್ಕ. ನಾಳೆ ತೆಗಿತೀನಿ."
ಮುಖ ನೋಡಿದಳು.
ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಾಳೆ ಏನು ಹೇಳಲಿ? ನಾಡಿದ್ದು? ನಿಜ ಹೇಳಿದರೆ, ತಾನೇ ಹಾಕಿದ ನೀರು ತನ್ನನ್ನೇ ಹೀಗೆ ಮಾಡಿತು ಅಂತ...
ಮಂಚ ಕಿರ್ರೆಂದಿತು. ಚಿಲಕದ ಸದ್ದು. ಅವಳೇ ಎದ್ದು ಕಿಟಕಿ —